ಅಜ್ಜಿ ಹೆಸರಲ್ಲಿ ಕರೆಂಟ್ ಬಿಲ್ ಬಾಕಿ ಇದ್ದರೆ ಪೊಲೀಸರು ಬರುವುದಿಲ್ಲ

‘ಬಿಲ್ ಕಟ್ಟದಿದ್ದರೆ ಮೀಟರ್ ಯಾರ ಹೆಸರಲ್ಲಿದೆಯೋ ಅವರು ಜೈಲಿಗೆ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ಸುಳ್ಳು. ಕರೆಂಟ್ ಕಳ್ಳತನ ಬೇರೆ, ಬಿಲ್ ಬಾಕಿ ಬೇರೆ. ಬಾಕಿಗೆ ಜೈಲಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ ಸಂಪರ್ಕ ಕಡಿಯುವುದಕ್ಕೂ 15 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು.

ಇಂಥದ್ದಕ್ಕೆ ಜಾಸ್ತಿ ಹೆದರುವವರು ವಯಸ್ಸಾದವರು. ಎಷ್ಟೋ ಮನೆಗಳಲ್ಲಿ ಕರೆಂಟ್ ಉರಿಸುವವರು ಬೇರೆ, ಬಿಲ್ಲಿನಲ್ಲಿ ಹೆಸರು ಓದು ಬಾರದ ಅಜ್ಜಿಯದು. ಅವರಿಗೆ ಗೊತ್ತಿಲ್ಲದೆ ಹೆಸರು ಸೇರಿಸಿದ್ದರೆ ಸುಮ್ನೆ ಕೂರಬೇಡಿ. ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ದೂರು ಬರೆದು ಕೊಡಿ. ಮೂಲ ಅರ್ಜಿಯ ಸಹಿ ಅಥವಾ ಹೆಬ್ಬೆಟ್ಟಿನ ಪ್ರತಿ ಕೇಳಿ. ದೂರಿನ ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಷ್ಟರಲ್ಲಿ ಕರೆಂಟ್ ಹೋಗಬಾರದು ಎಂದಿದ್ದರೆ, ‘ತಕರಾರಿದೆ’ ಎಂದು ಬರೆದು ಕೊಟ್ಟೇ ಹಣ ಕಟ್ಟಬಹುದು.