ಸರ್ಕಾರ ನಮ್ಮ ತಟ್ಟೆಗೆ ಕೈ ಹಾಕಬೇಕೇ?

ಸಿಹಿ ಪಾನೀಯಕ್ಕೆ ತೆರಿಗೆ, ಚಿಪ್ಸ್ ಪೊಟ್ಟಣದ ಮೇಲೆ ಎಚ್ಚರಿಕೆಯ ಮುದ್ರೆ, ಶಾಲೆಯೊಳಗೆ ಕುರುಕು ತಿಂಡಿ ಮಾರಾಟಕ್ಕೆ ತಡೆ. ಜನರ ತೂಕ ಇಳಿಸಲು ಇಂಥ ಕಾನೂನು ಬೇಕೇ ಅನ್ನುವುದು ಪ್ರಶ್ನೆ.

ಪರ: ಬಾಯಿ ನಮ್ಮದು, ಅಂಗಡಿ ನಮ್ಮದಲ್ಲ

"ಬಾಯಿ ಕಟ್ಟಿದರೆ ಆಯ್ತು, ಅದಕ್ಕೂ ಕಾನೂನು ಬೇಕಾ?" ಅನ್ನುವವರು ಪೀಮಾ ಅನ್ನುವ ಮೂಲನಿವಾಸಿ ಜನರ ಬಗ್ಗೆ ಒಮ್ಮೆ ಓದಬೇಕು. ಇವರದು ಒಂದೇ ಮೂಲ, ಎರಡು ದೇಶ. ಕೆಲವರು ಅಮೆರಿಕದ ಅರಿಜೋನದಲ್ಲಿದ್ದಾರೆ, ಕೆಲವರು ಮೆಕ್ಸಿಕೋದ ಮೈಕೋಬಾ ಅನ್ನುವ ಗುಡ್ಡಗಾಡಿನಲ್ಲಿ. 1990ರ ದಶಕದಲ್ಲಿ ಸಂಶೋಧಕರು ಎರಡೂ ಕಡೆಯವರನ್ನು ತೂಗಿ ನೋಡಿದರು. ಅರಿಜೋನದವರು ಸರಾಸರಿ 26 ಕಿಲೋ ಜಾಸ್ತಿ ಇದ್ದರು. ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಅರಿಜೋನದ ಪೀಮಾಗಳಲ್ಲಿ ನೂರಕ್ಕೆ 38 ಜನರಿಗಿತ್ತು, ಮೆಕ್ಸಿಕೋದವರಲ್ಲಿ ಸುಮಾರು 7 ಜನರಿಗೆ.

ಅರಿಜೋನದವರಿಗೆ ಮಾತ್ರ ನಾಲಿಗೆ ಚಪಲ ಜಾಸ್ತಿ ಅಂತ ಹೇಳೋಕಾಗುತ್ತಾ? ಅವರು ಹಿಲಾ ನದಿಯ ನೀರು ನಂಬಿ ಬೇಸಾಯ ಮಾಡುತ್ತಿದ್ದವರು. 19ನೇ ಶತಮಾನದ ಕೊನೆಯ ಹೊತ್ತಿಗೆ ಮೇಲಿನ ಊರುಗಳಲ್ಲಿ ನೆಲೆಸಿದ ವಲಸಿಗರು ಆ ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು. ಮುಂದೆ ಸರ್ಕಾರ ಕೊಟ್ಟ ಹಿಟ್ಟು, ಸಕ್ಕರೆ, ಕೊಬ್ಬು ಅವರ ಊಟವಾಯಿತು. ಮೆಕ್ಸಿಕೋದವರು ಮಾತ್ರ ಹೊಲದಲ್ಲಿ ಬೆವರು ಸುರಿಸುತ್ತಾ ಮೆಕ್ಕೆಜೋಳ, ಬೀನ್ಸ್ ಕಾಳು, ಆಲೂಗಡ್ಡೆ ತಿನ್ನುತ್ತಲೇ ಇದ್ದರು. ಸುತ್ತಲಿನ ವ್ಯವಸ್ಥೆ ತೂಕ ಏರಿಸಿದರೆ, ಇಳಿಸುವ ಹೊಣೆಯೂ ಅದರದ್ದೇ ಅಲ್ವಾ?

ಚಿಲಿ ದೇಶ ಆ ಹೊಣೆ ಹೊತ್ತುಕೊಂಡಿತು. 2016ರ ಜೂನ್‌ನಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿ ಮೀರಿದ ಪೊಟ್ಟಣದ ಮುಖದ ಮೇಲೇ ಕಪ್ಪು ಎಂಟು ಮೂಲೆಯ ಮುದ್ರೆ ಬಂತು. ಆ ಮುದ್ರೆ ಬಿದ್ದ ತಿಂಡಿಯನ್ನು ಶಾಲೆಯೊಳಗೆ ಮಾರುವಂತಿಲ್ಲ. ಮಕ್ಕಳನ್ನು ಸೆಳೆಯುವ ಕಾರ್ಟೂನ್ ಪ್ರಾಣಿಗಳು ಕಾರ್ನ್‌ಫ್ಲೇಕ್ಸ್‌ನಂಥ ತಿಂಡಿಯ ಡಬ್ಬಿಯಿಂದ ಮಾಯವಾದವು. ಸುಮಾರು ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯದ ಖರೀದಿ ಹತ್ತಿರ ಹತ್ತಿರ ಕಾಲು ಭಾಗ ಕುಸಿಯಿತು. ದೇಶದ ತೂಕ ಅಷ್ಟು ಬೇಗ ಇಳಿಯುವುದಿಲ್ಲ, ನಿಜ. ಆದರೆ ಡಬ್ಬಿ ಎತ್ತಿಕೊಳ್ಳುವ ಕೈ ಒಂದು ಕ್ಷಣ ತಡೆದಿದ್ದಂತೂ ನಿಜ.

ನಮ್ಮಲ್ಲಿ ಏನಾಯಿತು? ಆಹಾರ ಸುರಕ್ಷತೆ ಪ್ರಾಧಿಕಾರ 2022ರಲ್ಲಿ ಒಂದು ಕರಡು ತಂದಿತು. ಕಪ್ಪು ಮುದ್ರೆ ಅಲ್ಲ, ನಕ್ಷತ್ರ! ಅರ್ಧದಿಂದ ಐದರವರೆಗೆ. ಕೆಟ್ಟ ತಿಂಡಿಗೂ ಅರ್ಧ ನಕ್ಷತ್ರದ ಬಹುಮಾನ.

"ನಮ್ಮಲ್ಲಿ ಕೋಲಾದಂಥ ಸಿಹಿ ಸೋಡಾಗಳ ಮೇಲೆ ಆಗಲೇ 40% ತೆರಿಗೆ ಇದೆ, ಏನು ಕಿಸಿದಿದೆ?" ಎಂದು ಕೇಳಬಹುದು. ಅದು ಸಕ್ಕರೆ ಎಷ್ಟಿದೆ ಅಂತ ನೋಡಿ ಹಾಕಿದ ತೆರಿಗೆಯಲ್ಲ. ಸಕ್ಕರೆ ಬದಲು ಬೇರೆ ಸಿಹಿ ಹಾಕಿದ ಡಯಟ್ ಸೋಡಾಕ್ಕೂ ಅಷ್ಟೇ. ಸಕ್ಕರೆ ಸುರಿದ ಮಾವಿನ ಜ್ಯೂಸ್ ಪೊಟ್ಟಣಕ್ಕೆ 2025ರ ಸೆಪ್ಟೆಂಬರ್‌ನಿಂದ ಬರೀ 5%. ಬ್ರಿಟನ್ 2018ರಲ್ಲಿ ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲಿ ಹಿಡಿಯಿತು. 100 ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಮುಟ್ಟಿದರೆ ಇನ್ನೂ ದುಬಾರಿ. ಜಾರಿಗೆ ಬರುವ ಮೊದಲೇ ಎಷ್ಟೋ ಕಂಪನಿಗಳು ತಾವಾಗಿ ಸಕ್ಕರೆ ಇಳಿಸಿದವು. ಕುಡಿಯುವವನು ಏನೂ ಮಾಡಬೇಕಾಗಲಿಲ್ಲ. ಹತ್ತು-ಹನ್ನೊಂದು ವರ್ಷದ ಹುಡುಗಿಯರಲ್ಲಿ ಬೊಜ್ಜು ಸುಮಾರು 8% ಕಡಿಮೆಯಾಯಿತೆಂದು ಒಂದು ಅಧ್ಯಯನ ಅಂದಾಜಿಸಿತು.

ವಿರೋಧ: ತೆರಿಗೆ ಹಾಕುವವರು ಡಾಕ್ಟರಲ್ಲ

ಆ ಬ್ರಿಟನ್ ಅಧ್ಯಯನದ ಉಳಿದರ್ಧ ಹೇಳದೆ ಬಿಡುವುದು ಸರಿಯಲ್ಲ. ಹುಡುಗರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಪೀಮಾ ಕಥೆಯನ್ನೂ ಇನ್ನೊಮ್ಮೆ ಓದಿ. ಅಲ್ಲಿ ಹಿಟ್ಟು, ಕೊಬ್ಬು ಹಂಚಿದ್ದು ಯಾರು? ಸರ್ಕಾರವೇ! ಅದನ್ನೇ ತೋರಿಸಿ ಸರ್ಕಾರದ ಕೈಗೆ ಇನ್ನಷ್ಟು ಅಧಿಕಾರ ಕೊಡಿ ಎನ್ನುವುದು ವಿಚಿತ್ರ.

ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಬೆಣ್ಣೆ, ಚೀಸ್, ಮಾಂಸ ಎಲ್ಲಕ್ಕೂ ಬೆಲೆ ಏರಿತು. ಜನ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಂಡು ತಂದರು. ಅಂಗಡಿಯವರು ಲೆಕ್ಕ ಇಡೋದರಲ್ಲೇ ಸುಸ್ತಾದರು. 2013ರ ಜನವರಿಗೆ ತೆರಿಗೆ ರದ್ದು. ಅದರ ಹಿಂದೆ ಬರಬೇಕಿದ್ದ ಸಕ್ಕರೆ ತೆರಿಗೆ ಬರಲೇ ಇಲ್ಲ. ಪಕ್ಕದ ಕೇರಳ 2016ರಲ್ಲಿ ಬ್ರಾಂಡೆಡ್ ರೆಸ್ಟೋರೆಂಟಿನ ಪಿಜ್ಜಾ, ಬರ್ಗರ್‌ಗೆ 14.5% ಹಾಕಿತು. ಹೆಸರಿಲ್ಲದ ಅಂಗಡಿಯಲ್ಲಿ ಎಣ್ಣೆ ಸುರಿಯುವ ಪರೋಟಕ್ಕೆ ಏನೂ ಇಲ್ಲ. ಮರುವರ್ಷ ಜಿಎಸ್‌ಟಿ ಬಂದು ಅದೂ ಮುಳುಗಿತು. ಹಣಕಾಸು ಇಲಾಖೆಗೆ ಸುಲಭವಾಗಿ ಕಾಣುವುದು ಬಿಲ್ ಕೊಡುವ ಅಂಗಡಿ. ಹೊಟ್ಟೆ ಅದಕ್ಕೆ ಕಾಣುವುದಿಲ್ಲ. ಸಮೋಸ, ಬೋಂಡಾ, ಮನೆಯ ಅನ್ನದ ರಾಶಿ, ಹಬ್ಬದ ಹೋಳಿಗೆ ಮೇಲಿನ ತುಪ್ಪ, ಇವನ್ನೆಲ್ಲ ಯಾವ ಮುದ್ರೆ ಹಿಡಿಯುತ್ತೆ?

ಎರಡು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ, ಅಂದರೆ 2015-16ರಿಂದ 2019-21ರೊಳಗೆ, ಕರ್ನಾಟಕದಲ್ಲಿ ಅಧಿಕ ತೂಕದ ಹೆಂಗಸರು ನೂರಕ್ಕೆ ಸುಮಾರು 23ರಿಂದ 30ಕ್ಕೆ ಏರಿದರು. ಗಂಡಸರ ಕಥೆಯೂ ಹೆಚ್ಚುಕಡಿಮೆ ಅದೇ. ಇವರೆಲ್ಲ ಬರೀ ಸೋಡಾ ಕುಡಿದೇ ಹೀಗಾದರು ಅಂತ ನಂಬೋದು ಕಷ್ಟ.

ಜಪಾನನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. 2008ರಿಂದ ಅಲ್ಲಿ 40ರಿಂದ 74 ವಯಸ್ಸಿನವರ ಸೊಂಟ ಅಳೆಯುತ್ತಾರೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90 ಮುಟ್ಟಿದರೆ, ಜೊತೆಗೆ ಬಿಪಿ, ಸಕ್ಕರೆಯಂಥ ತೊಂದರೆ ಇದ್ದರೆ, ಸಲಹೆಗೆ ಕರೆಯುತ್ತಾರೆ. ಗೆರೆಯ ಆಚೀಚೆ ಇದ್ದ ಗಂಡಸರನ್ನು ಹೋಲಿಸಿ ನೋಡಿದಾಗ ಇಳಿದ ತೂಕ ಅರ್ಧ ಕಿಲೋ ಕೂಡ ಇರಲಿಲ್ಲ. ಜಪಾನ್ ಈ ಕಾನೂನಿಗೆ ಮೊದಲೇ ತೆಳ್ಳಗಿತ್ತು. ಅಲ್ಲಿಯ ಶಾಲೆಯ ಊಟ ಬೇರೆ ಮಾತು, ಅದನ್ನು ಒಪ್ಪುತ್ತೇನೆ. 1954ರ ಕಾನೂನಿನ ಬಲದಿಂದ ಮಕ್ಕಳಿಗೆ ಬಿಸಿ ಊಟ ಸಿಗುತ್ತದೆ, ಮಕ್ಕಳೇ ಬಡಿಸಿಕೊಳ್ಳುತ್ತಾರೆ. ಅಲ್ಲಿ ಸರ್ಕಾರ ತಟ್ಟೆಗೆ ಹಾಕಿತು, ತಟ್ಟೆಯಿಂದ ಕಿತ್ತುಕೊಳ್ಳಲಿಲ್ಲ.

ಇನ್ನು ಕೆನಡಾದ ಒಂಟಾರಿಯೊದಲ್ಲಿರುವ ಅಮಿಶ್ ರೈತರನ್ನು ನೋಡಿ. ಕಾರು, ಟ್ರ್ಯಾಕ್ಟರ್ ಬಿಟ್ಟು ಹಳೇ ಪದ್ಧತಿಯಲ್ಲಿ ಬದುಕುವವರು. ಊಟ ಮಾತ್ರ ಮಾಂಸ, ಆಲೂಗಡ್ಡೆ, ಗ್ರೇವಿ, ಕೇಕು, ಸಿಹಿ ಪೈ. ನಮ್ಮ ಡಯಟಿಷಿಯನ್‌ಗಳು ಕಂಡರೆ ಹೌಹಾರಬೇಕು! ಆದರೂ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಲ್ಲಿ ಬೊಜ್ಜಿದ್ದವರು ನೂರಕ್ಕೆ 4 ಜನ. ಗಂಡಸರು ದಿನಕ್ಕೆ 18 ಸಾವಿರಕ್ಕೂ ಹೆಚ್ಚು ಹೆಜ್ಜೆ, ಹೆಂಗಸರು 14 ಸಾವಿರಕ್ಕೂ ಹೆಚ್ಚು. ಯಾವ ತೆರಿಗೆಯೂ ಇಲ್ಲ, ಯಾವ ಮುದ್ರೆಯೂ ಇಲ್ಲ. ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಕ್ಯೂಬಾದಲ್ಲಿ ಪೆಟ್ರೋಲ್ ಸಿಗದೆ ಜನ ಸೈಕಲ್ ಹತ್ತಿದರು, ನಡೆದರು, ಊಟವೂ ಕಡಿಮೆಯಾಯಿತು. ನಾಲ್ಕೈದು ವರ್ಷದಲ್ಲಿ ಸರಾಸರಿ ಸುಮಾರು 5 ಕಿಲೋ ಇಳಿದರು. ಆ ಕಷ್ಟ ಯಾರಿಗೂ ಬೇಡ. ಆದರೆ ಕಾಲಿಗೆ ಕೆಲಸ ಕೊಟ್ಟರೆ ಏನಾಗುತ್ತೆ ಅನ್ನೋದು ಗೊತ್ತಾಯಿತು.

ಬೆಂಗಳೂರಿನಲ್ಲಿ ಹಾಲು ತರಲು ನಡೆದು ಹೋಗಿ ನೋಡಿ. ಫುಟ್‌ಪಾತ್ ಮೇಲೆ ಬೈಕು, ಅಗೆದ ಗುಂಡಿ, ಟ್ರಾನ್ಸ್‌ಫಾರ್ಮರ್. ಸಹವಾಸ ಬೇಡ ಅಂತ ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ತರಿಸುತ್ತೇವೆ, ಜೊತೆಗೊಂದು ಚಿಪ್ಸ್. ಸರ್ಕಾರಕ್ಕೆ ನಮ್ಮ ತೂಕದ ಚಿಂತೆ ನಿಜವಾಗಿ ಇದ್ದರೆ ಮೊದಲು ಆ ಗುಂಡಿ ಮುಚ್ಚಿಸಲಿ. ಚಿಪ್ಸ್ ವಿಷಯ ಆಮೇಲೆ ಮಾತಾಡೋಣ.