ಅತ್ತೆಯ ಹವಳ ಮತ್ತು 654 ಮೆಟ್ಟಿಲು

ಮಿಲಾನಿನಲ್ಲಿರುವ ಮಗಳ ಮನೆಗೆ ಹೊರಟಾಗ ನಮ್ಮತ್ತೆ ಕೇಳಿದ್ದು ಒಂದೇ ಒಂದು: ಹವಳ. ಅವರ ಮೊಮ್ಮಗನಿಗೆ ಕುಜದೋಷವಂತೆ. ಮಂಗಳವಾರ ಹವಳದ ಉಂಗುರ ತೊಡಿಸಿದರೆ ಹೆಣ್ಣು ಕೂಡಿಬರುತ್ತದಂತೆ. "ಇಟಲಿ ಹವಳಾನೇ ಆಗ್ಬೇಕು ಅಂದಿದಾರೆ ಜೋಯಿಸರು. ಹೇಗೂ ಅಲ್ಲಿಗೇ ಹೋಗ್ತಿದೀರಲ್ಲ" ಅಂದರು, ನಂಜನಗೂಡಿಗೆ ಹೊರಟವನ ಹತ್ತಿರ ರಸಬಾಳೆ ತರಹೇಳುವ ಧಾಟಿಯಲ್ಲಿ.

ಮಗಳು ಹುಡುಕಿ ನೋಡಿ, ಸಾರ್ಡೀನಿಯಾ ದ್ವೀಪದ ಅಲ್ಗೇರೊ ಎಂಬ ಊರಿಗೆ ಅಗ್ಗದ ವಿಮಾನದಲ್ಲಿ ಟಿಕೆಟ್ ತೆಗೆದುಕೊಟ್ಟಳು. "ಆ ಊರಿನ ಲಾಂಛನದಲ್ಲೇ ಹವಳದ ಕೊಂಬೆ ಇದೆ ಅಪ್ಪಾ, ಇನ್ನೇನು ಬೇಕು?"

ಅಲ್ಗೇರೊ ಅಂದರೆ ಸಮುದ್ರಕ್ಕೆ ಮುಖಮಾಡಿದ ಕೋಟೆ, ಬುರುಜು, ಅದರೊಳಗೆ ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಗಲ್ಲಿಗಳು. ನಮ್ಮ ಕೋಣೆ ಅಲ್ಲೆಲ್ಲೋ ಇತ್ತು. ಮ್ಯಾಪಿನ ನೀಲಿ ಚುಕ್ಕೆ ನಮ್ಮನ್ನು ಒಮ್ಮೆ ಚರ್ಚಿನೊಳಗೆ, ಒಮ್ಮೆ ಸಮುದ್ರದೊಳಗೆ ತೋರಿಸತೊಡಗಿದ ಮೇಲೆ ನಾನು ಮೊಬೈಲು ಜೇಬಿಗಿಟ್ಟು ಬೀದಿಯ ಫಲಕ ನೋಡಿದೆ. 'ಕರ್ರೇರ್' ಅಂತ ಶುರುವಾಗಿತ್ತು. ಸರಿ, ಮನೆಯೊಡತಿಗೆ ಫೋನ್ ಮಾಡಿ, "ಕರ್ರೇರ್ ರಸ್ತೆಯಲ್ಲಿ ನಿಂತಿದ್ದೇವೆ, ಬನ್ನಿ" ಅಂದೆ.

"ಯಾವ ಕರ್ರೇರ್?"

ಮುಂದಿನ ತಿರುವಿಗೆ ಹೋಗಿ ನೋಡಿದರೆ ಅಲ್ಲೂ ಕರ್ರೇರ್. ಅದರ ಮುಂದಿನದೂ ಕರ್ರೇರ್. ಯಾರೋ ಮಹಾನುಭಾವ ಇರಬೇಕು, ನಮ್ಮಲ್ಲಿ ಊರಿಗೊಂದು ಎಂ.ಜಿ. ರೋಡ್ ಇದ್ದರೆ ಇಲ್ಲಿ ಊರೆಲ್ಲಾ ಇವನದೇ ಅಂತ ನನ್ನಾಕೆಗೆ ವಿವರಿಸಿದೆ. ಅವಳು ಸೂಟ್‌ಕೇಸಿನ ಮೇಲೆ ಕೂತು ಕೇಳಿಸಿಕೊಂಡಳು. ಮುಕ್ಕಾಲು ಗಂಟೆ ಬಿಟ್ಟು ನಮ್ಮನ್ನು ಪತ್ತೆಹಚ್ಚಿದ ಮನೆಯೊಡತಿ ನಕ್ಕು ಸುಸ್ತಾದಳು. ಕರ್ರೇರ್ ಅಂದರೆ ಸ್ಪೇನಿನ ಬಾರ್ಸಿಲೋನಾ ಕಡೆಯ ಕತಲಾನ್ ಭಾಷೆಯಲ್ಲಿ ಬೀದಿ. ಅಷ್ಟು ಹೊತ್ತೂ ನಾನು ಫೋನಿನಲ್ಲಿ "ಬೀದಿಯಲ್ಲಿ ನಿಂತಿದ್ದೇವೆ, ಬೀದಿಯಲ್ಲಿ ನಿಂತಿದ್ದೇವೆ" ಅಂತ ಗೋಳಾಡಿದ್ದೆ. ಸುಳ್ಳೇನೂ ಹೇಳಿರಲಿಲ್ಲ.

ಇಟಲಿಯಲ್ಲಿ ಕತಲಾನ್ ಏಕೆ ಎಂದರೆ ಅದೊಂದು ಕಥೆ. 1354ರಲ್ಲಿ, ಕತಲಾನರ ನಾಡನ್ನೂ ಆಳುತ್ತಿದ್ದ ಅರಗಾನಿನ ದೊರೆ ನಾಲ್ಕನೇ ಪೆರೆ ಈ ಊರನ್ನು ಜಿನೋವಾದ ದೋರಿಯಾ ಮನೆತನದಿಂದ ಕಿತ್ತುಕೊಂಡ. ಆಮೇಲೆ ಇದ್ದವರನ್ನು ಓಡಿಸಿ ಕತಲಾನರನ್ನು ಹಡಗಿನಲ್ಲಿ ತಂದು ಕೂರಿಸಿದರು. ಆಳುವವರು ಬದಲಾದರು, ದ್ವೀಪ ಇಟಲಿಯ ಪಾಲಾಯಿತು, ಆದರೆ ತಂದ ಮಾತು ಅಲ್ಲೇ ಉಳಿಯಿತು. ಅಲ್ಲಿಯವರು ಊರನ್ನು 'ಲಾಲ್ಗೆ' ಅನ್ನುತ್ತಾರೆ, 'ಪುಟ್ಟ ಬಾರ್ಸಿಲೋನಾ' ಅಂತಲೂ ಕೊಚ್ಚಿಕೊಳ್ಳುತ್ತಾರೆ. ನನಗೆ ಇದೆಲ್ಲ ಪುಸ್ತಕದ ವಿಷಯ. ನನ್ನಾಕೆಗೆ ಹಾಗಲ್ಲ, ಅವಳು ಬೆಟ್ಟದಪುರದ ಸಂಕೇತಿ; ಹಿರಿಯರು ತಮಿಳುನಾಡಿನ ಕಡೆಯಿಂದ ಬರುವಾಗ ತಂದ ಮಾತನ್ನು ಮನೆಯೊಳಗೆ ಉಳಿಸಿಕೊಂಡ ಜನ. "ನಮ್ಮಜ್ಜಿ ಮನೆಯಲ್ಲಿ ಆ ಮಾತೇ ಆಡುತ್ತಿದ್ದರು, ನನಗೆ ಅರ್ಥವಾಗುತ್ತೆ, ನನ್ನ ಮಗ ಮಾತ್ರ ಇಟಾಲಿಯನ್ನಿನಲ್ಲೇ ಉತ್ತರ ಕೊಡ್ತಾನೆ" ಅಂತ ಮನೆಯೊಡತಿ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಇವಳು ಅವಳ ಕೈ ಹಿಡಿದುಕೊಂಡು, "ಅಯ್ಯೋ, ನಮ್ಮನೇಲೂ ಇದೇ ಹಾಡು ಕಣ್ರೀ" ಅಂದಳು. ಕನ್ನಡದಲ್ಲೇ ಅಂದಳು. ಆಕೆ ತಲೆಯಾಡಿಸಿದಳು.

ಮಾರನೆಯ ದಿನ ಕಾಪೊ ಕಾಚ್ಚಾ. ಊರಿನಿಂದ ಬಸ್ಸಿನಲ್ಲಿ ಹೋದರೆ ಸಮುದ್ರಕ್ಕೆ ಚಾಚಿದ ಸುಣ್ಣಕಲ್ಲಿನ ಬೆಟ್ಟ, ಅದರ ಬುಡದಲ್ಲಿ ನೆಪ್ಚೂನನ ಗುಹೆ. ಇಳಿಯಲು ಬಂಡೆಯ ಮೈಗೆ ಅಂಟಿಸಿದಂತೆ 654 ಮೆಟ್ಟಿಲು, 1954ರಲ್ಲಿ ಕಟ್ಟಿದ್ದು. ಇದಕ್ಕೂ ಕತಲಾನ್ ಹೆಸರೇ, ಜಿಂಕೆ ಮೆಟ್ಟಿಲು ಅಂತ. ಜಿಂಕೆಗೆ ಸರಿ. ನನ್ನಾಕೆ ಮೇಲಿನಿಂದ ಒಮ್ಮೆ ಬಗ್ಗಿ ನೋಡಿ, ಬೆಂಚು ಹುಡುಕಿ ಕೂತಳು.

"ನೋಡ್ರೀ, ಮಂಡಿ ನೋವಿದೆ ನಿಮಗೆ."

"ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ಕಣೇ ನಾನು!" ಹತ್ತಿದ್ದು ಪಿಯುಸಿ ರಿಸಲ್ಟಿಗೆ ಮುಂಚೆ ಎಂಬುದನ್ನು ಹೇಳಲಿಲ್ಲ. ಇನ್ನೊಂದು ವ್ಯತ್ಯಾಸವೂ ಆಗ ಹೊಳೆಯಲಿಲ್ಲ. ಚಾಮುಂಡಿಯಲ್ಲಿ ನಂದಿಯ ಹತ್ತಿರ ಸುಸ್ತಾದರೆ ಕೈಮುಗಿದು ವಾಪಸು ಇಳಿಯಬಹುದು. ಇಲ್ಲಿ ಇಳಿದಾದ ಮೇಲೆಯೇ ಹತ್ತುವುದು.

ಗಾಳಿ ಟೋಪಿಯನ್ನು ಎರಡು ಸಲ ಹಾರಿಸಿತು. ಅಂತೂ ಕೆಳಗೆ ಮುಟ್ಟಿ, ಟಿಕೆಟಿನ ಕಿಂಡಿಯ ಮುಂದೆ ಗತ್ತಿನಿಂದ ಮೊಬೈಲು ತೆಗೆದು, ಕ್ಯೂಆರ್ ಕೋಡ್ ಎಲ್ಲಿ ಅಂಟಿಸಿದ್ದಾರೆಂದು ಕಣ್ಣಾಡಿಸಿದೆ. ಮೈಸೂರಿನಲ್ಲಿ ಸೊಪ್ಪಿನವಳಿಗೂ ಸ್ಕ್ಯಾನ್ ಮಾಡಿಯೇ ಅಭ್ಯಾಸ. ಇಲ್ಲಿ ಕೋಡೂ ಇಲ್ಲ, ಮಣ್ಣೂ ಇಲ್ಲ. ಜೇಬು ತಡಕಿದೆ. ಪರ್ಸು ನನ್ನಾಕೆಯ ವ್ಯಾನಿಟಿ ಬ್ಯಾಗಿನಲ್ಲಿತ್ತು. ಬ್ಯಾಗು 654 ಮೆಟ್ಟಿಲು ಮೇಲಿತ್ತು. ಸಿಗ್ನಲ್ಲು ಎಲ್ಲೂ ಇರಲಿಲ್ಲ.

ಒಳಗೆ ಉಪ್ಪುನೀರಿನ ಕೆರೆ ಇದೆ, ಕಂಬಗಳಂತೆ ಬೆಳೆದ ಸುಣ್ಣದ ಕಲ್ಲುಗಳಿವೆ. ನಾನು ನೋಡಿದ್ದು ಟಿಕೆಟ್ ಕಿಂಡಿಯ ಪಕ್ಕದ ಫೋಟೋದಲ್ಲಿ. ಮೇಲೆ ಬಂದಾಗ ಮಾತಾಡಲು ಉಸಿರಿರಲಿಲ್ಲ. "ಚೆನ್ನಾಗಿತ್ತಾ?" ಅಂದಳು. ತಲೆಯಾಡಿಸಿದೆ. ಉಸಿರಿಲ್ಲದ್ದು ಅನುಕೂಲವೇ ಆಯಿತು.

ಊರಿಗೆ ಮರಳಿದರೆ ಮಧ್ಯಾಹ್ನ ಎರಡು ಗಂಟೆ, ಹವಳದ ಅಂಗಡಿಗಳೆಲ್ಲ ಬಾಗಿಲು ಹಾಕಿ ನಿದ್ದೆಗೆ ಹೋಗಿದ್ದವು. ಸಂಜೆ ತೆರೆಯುವವರೆಗೆ ಸೆಯಾದಾಸ್ ಎಂಬ ತಿಂಡಿ ತಿಂದೆವು. ನೋಡಲು ಎಣ್ಣೆಹೋಳಿಗೆ, ಮೇಲೆ ಜೇನುತುಪ್ಪ. ಹೂರಣ ಅಂದುಕೊಂಡು ಕಚ್ಚಿದರೆ ಒಳಗಿನಿಂದ ಚೀಸು ಒಂದು ಗೇಣು ಎಳೆಯಾಗಿ ಜೋತುಬಿತ್ತು.

ಅಂಗಡಿಯ ಹುಡುಗಿ ಮಹಾ ಪ್ರಾಮಾಣಿಕಳು. ನಾವು ದಪ್ಪನೆಯದೊಂದನ್ನು ಆರಿಸಿದಾಗ, "ಇದು ಇಲ್ಲಿಯದಲ್ಲ, ಜಪಾನಿನ ಕಡೆಯ ಸಮುದ್ರದ್ದು" ಅಂದಳು. ಸಾರ್ಡೀನಿಯಾದ ಹವಳವನ್ನು ಈಗ ಕಂಡಕಂಡವರು ಕೀಳುವಂತಿಲ್ಲ. ಪರವಾನಗಿ ಇರುವ ಮುಳುಗುಗಾರರು ಸಮುದ್ರದ ಆಳಕ್ಕಿಳಿದು ತರಬೇಕು. ಅದರ ಬೆಲೆ ಕೇಳಿ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿದೆ. ಮಂಡಿ ಇನ್ನಷ್ಟು ನೋಯಿತು. ಕೊನೆಗೆ ಕಡಲೆಬೇಳೆ ಗಾತ್ರದ್ದೊಂದನ್ನು ತೆಗೆದುಕೊಂಡು ಬಂದೆವು.

ಅತ್ತೆ ಅದನ್ನು ಅಂಗೈಯಲ್ಲಿಟ್ಟು, ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದರು.

"ಇಷ್ಟೇನಾ? ಅಶೋಕಾ ರೋಡಲ್ಲಿ ಇದರ ಅರ್ಧ ದುಡ್ಡಿಗೆ ಹುಣಸೆ ಬೀಜದಷ್ಟು ದಪ್ಪದ್ದು ಸಿಗುತ್ತೆ. ಅದೂ ಇಟಲಿದೇ!"