ಬೋನಿ ಎಂ: ಕುಣಿದವರು ಯಾರು, ಹಾಡಿದವರು ಯಾರು?

ಎಪ್ಪತ್ತರ ದಶಕದ ಜರ್ಮನಿಯ ಡಿಸ್ಕೋ ತಂಡ ಬೋನಿ ಎಂನ ಹಾಡುಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಜಾಣನಗೆ ಬೀರಿ, ಅವರೆಲ್ಲ ಬರೀ ತುಟಿ ಆಡಿಸಿದವರು ಎಂದುಬಿಡುತ್ತಾರೆ. ಈ ಅರೆಸತ್ಯ ಕೇಳಿ ಕೇಳಿ ನನಗೆ ಸಾಕಾಗಿದೆ.

ತುಟಿ ಆಡಿಸಿದ್ದು ನಿಜ. ಆದರೆ ಯಾರು? ತಂಡದ ನಾಲ್ವರಲ್ಲಿ ಒಬ್ಬನೇ ಗಂಡಸಾದ, ಅರುಬಾ ದ್ವೀಪದ ಬಾಬಿ ಫ್ಯಾರೆಲ್ ವೇದಿಕೆಯ ಮೇಲೆ ಮೈಮೇಲೆ ಬಂದವರಂತೆ ಕುಣಿಯುತ್ತಿದ್ದರು. 1976ರ ‘ಡ್ಯಾಡಿ ಕೂಲ್’ನಲ್ಲಿ ಕೇಳಿಸುವ ಆ ಗಡಸು ಗಂಡುದನಿ ಮಾತ್ರ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫರಿಯಾನ್ ಅವರದು. ತಂಡದ ಮೊದಲ ರೆಕಾರ್ಡ್ ಬಂದಾಗ ತಂಡವೇ ಇರಲಿಲ್ಲ. ಫರಿಯಾನ್ ಒಬ್ಬರೇ ಸ್ಟುಡಿಯೋದಲ್ಲಿ ದಪ್ಪ ದನಿ, ಕೀರಲು ದನಿ ಎರಡನ್ನೂ ಹಾಡಿ, ಆಸ್ಟ್ರೇಲಿಯಾದ ಒಂದು ಪತ್ತೇದಾರಿ ಧಾರಾವಾಹಿಯಿಂದ ಹೆಸರು ಎತ್ತಿಕೊಂಡಿದ್ದರು. ಆಮೇಲೆ ಮುಖಗಳನ್ನು ಹುಡುಕಿದರು. ಹಾಗೆ ಸಿಕ್ಕ ಮೂವರು ಹೆಂಗಸರಲ್ಲಿ ಮೇಜಿ ವಿಲಿಯಮ್ಸ್ ಕೂಡ ರೆಕಾರ್ಡುಗಳಲ್ಲಿ ಹಾಡಿದವರಲ್ಲ.

ಉಳಿದ ಇಬ್ಬರ ಗತಿ ಏನು? ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಇಬ್ಬರೂ ಜಮೈಕಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಬಂದು, ಅಲ್ಲಿಂದ ಜರ್ಮನಿಗೆ ಹೋದವರು. ಹಾಡಿದ್ದು ಇವರೇ. ‘ಬೆಲ್‌ಫಾಸ್ಟ್’ ಹಾಡು ಕೇಳಿ, ಮಾರ್ಸಿಯಾ ಅವರ ಗಂಟಲಿನಲ್ಲಿರುವ ಕಾವು ತಿಳಿಯುತ್ತದೆ. ಇದೇ ಫರಿಯಾನ್ ಮುಂದೆ ಮಿಲ್ಲಿ ವನಿಲ್ಲಿ ಎಂಬ ಜೋಡಿಯನ್ನು ಕಟ್ಟಿದರು. ಆ ಇಬ್ಬರು ಹಾಡಿಯೇ ಇಲ್ಲವೆಂದು ಬಯಲಾಗಿ 1990ರಲ್ಲಿ ಅವರ ಗ್ರ್ಯಾಮಿ ಪ್ರಶಸ್ತಿ ರದ್ದಾಯಿತು. ಅಂದಿನಿಂದ ಆ ಮಸಿ ಹಿಂದಕ್ಕೂ ಹರಿದು, ಹಾಡಿದ ಹೆಂಗಸರಿಗೂ ಮೆತ್ತಿಕೊಂಡಿತು. ಮೋಸ ಹೋದದ್ದು ಕೇಳುಗರು ಎನ್ನುವುದಕ್ಕಿಂತ ಇವರಿಬ್ಬರು ಎನ್ನುವುದೇ ಸರಿ.

‘ರಿವರ್ಸ್ ಆಫ್ ಬ್ಯಾಬಿಲಾನ್’ ಒಂದನ್ನೇ ತೆಗೆದುಕೊಳ್ಳಿ. ಬೈಬಲಿನ 137ನೆಯ ಕೀರ್ತನೆ ಅದರ ಮೂಲ. ಸೆರೆಯಾಗಿ ಹೋದ ಯೆಹೂದ್ಯರು ಬಾಬಿಲೋನಿನ ನದಿಗಳ ಬಳಿ ಕುಳಿತು ಅತ್ತ ಪ್ರಸಂಗ. ಅದನ್ನು 1970ರಲ್ಲಿ ರೆಗ್ಗೇ ಹಾಡಾಗಿಸಿದ್ದು ಜಮೈಕಾದ ಮೆಲೋಡಿಯನ್ಸ್ ತಂಡ. ಜಮೈಕಾದಲ್ಲಿ ಹುಟ್ಟಿದ ಧಾರ್ಮಿಕ ಪಂಥವಾದ ರಾಸ್ತಫಾರಿಗಳಿಗೆ ಬ್ಯಾಬಿಲಾನ್ ಎಂದರೆ ತುಳಿಯುವ ಪ್ರಭುತ್ವ. ಆ ಹಾಡಿನಲ್ಲಿ ಬರುವ ‘ಕಿಂಗ್ ಆಲ್ಫಾ’ ಅವರು ಆರಾಧಿಸುವ, ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ. 1978ರಲ್ಲಿ ಬೋನಿ ಎಂ ಹಾಡುವಾಗ ಆ ರಾಜನ ಜಾಗದಲ್ಲಿ ‘ದೇವರು’ ಬಂದು ಕೂತ. ಮೊನಚು ಮುರಿದು ಮಾರಿದರು ಎಂದು ಸಂಗೀತ ಬಲ್ಲವರು ಬೈಯುತ್ತಾರೆ. ಬೈಗುಳದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೂ ಪದಗಳು ಶುರುವಾಗುವ ಮೊದಲು ಬರುವ ಆ ಗುಂಯ್‌ಗುಡುವಿಕೆಯನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆಮೇಲೆ ಲಿಜ್ ದನಿ ಏರುತ್ತದೆ, ಎಲ್ಲೂ ಒತ್ತಾಯವಿಲ್ಲ, ಅಳುವಿನ ನಟನೆಯಿಲ್ಲ. ಪರದೇಶದಲ್ಲಿ ನಮ್ಮ ಹಾಡನ್ನು ಹೇಗೆ ಹಾಡಲಿ ಎಂಬ ಸಾಲನ್ನು ಊರು ಬಿಟ್ಟು ಬಂದ ಹೆಣ್ಣೊಬ್ಬಳು ಜರ್ಮನಿಯ ತಂಡದಲ್ಲಿ ನಿಂತು ಹಾಡುತ್ತಿದ್ದಾಳೆ. ಇದನ್ನು ಪ್ಲಾಸ್ಟಿಕ್ ಎನ್ನುವವರ ಕಿವಿಗೆ ಏನಾಗಿದೆಯೋ!

ಬ್ರಿಟನ್ನಿನಲ್ಲಿ ಅದು 5 ವಾರ ಮೊದಲ ಸ್ಥಾನದಲ್ಲಿತ್ತು. ಇಳಿಯತೊಡಗಿದಾಗ ರೇಡಿಯೋದವರು ರೆಕಾರ್ಡನ್ನು ಮಗುಚಿ ಹಾಕಿದರು: ಹಿಂಬದಿಯಲ್ಲಿದ್ದ ‘ಬ್ರೌನ್ ಗರ್ಲ್ ಇನ್ ದಿ ರಿಂಗ್’, ಕೆರಿಬಿಯನ್ ಮಕ್ಕಳು ಸುತ್ತುಗಟ್ಟಿ ಆಡುವ ಆಟದ ಹಾಡು, ಅದೇ ತಟ್ಟೆಯನ್ನು ಮತ್ತೆ ಎರಡನೆಯ ಸ್ಥಾನಕ್ಕೆ ಏರಿಸಿತು.

ರಷ್ಯಾದ ಕೊನೆಯ ಚಕ್ರವರ್ತಿಯ ಅರಮನೆಗೆ ಹತ್ತಿರವಾಗಿದ್ದ ಸಾಧುವಿನ ಮೇಲಿನ ‘ರಾಸ್‌ಪುಟಿನ್’ ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೊಬೈಲಿನ ಕಿರುವಿಡಿಯೊಗಳು ಆ ಕೆಲಸ ಮಾಡುತ್ತಿವೆ. ಆತ ರಾಣಿಯ ಪ್ರಿಯಕರ ಎಂದು ಹಾಡು ಹೇಳುವುದು ಇತಿಹಾಸವಲ್ಲ, ಚಾಡಿ. 1978ರ ಡಿಸೆಂಬರಿನಲ್ಲಿ ತಂಡ ಮಾಸ್ಕೋದಲ್ಲಿ ಹಾಡಿದಾಗ ಈ ಹಾಡನ್ನು ಕೈಬಿಡಬೇಕಾಯಿತು. ಫ್ಯಾರೆಲ್ ತೀರಿಕೊಂಡದ್ದು 2010ರ ಡಿಸೆಂಬರ್ 30ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ರಾಸ್‌ಪುಟಿನ್ ಕೊಲೆಯಾದ ಊರೂ ಅದೇ, ತಾರೀಖೂ ಅದೇ. ಕಾಕತಾಳೀಯ, ಅಷ್ಟೇ. ಕಥೆ ಕಟ್ಟುವವರು ಬೇಕಾದಷ್ಟಿದ್ದಾರೆ.

ಎಲ್ಲವೂ ಚಿನ್ನವೆಂದು ನಾನೂ ಹೇಳುತ್ತಿಲ್ಲ. ‘ಹೂರೇ ಹೂರೇ’ ಹಾಡು ಬಂದರೆ ಇವತ್ತಿಗೂ ಮುಂದಕ್ಕೆ ದಾಟಿಸುತ್ತೇನೆ. ಆದರೆ ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮಾಲ್‌ಗಳಲ್ಲೂ ‘ಮೇರೀಸ್ ಬಾಯ್ ಚೈಲ್ಡ್’ ಕೇಳಿಸುತ್ತದೆ. ಅಲ್ಲಿ ಮುಂದೆ ನಿಂತಿರುವ ದನಿ ಲಿಜ್ ಮಿಚೆಲ್ ಅವರದು. ಮುಂದಿನ ಸಲ ಜಾಣನಗೆಯವರು ಸಿಕ್ಕರೆ ಹೆಸರು ಹಿಡಿದೇ ಹೇಳಿ.